ಕಾರಿಗೆ ಬಲ ತುಂಬಿದ ಮಳೆಗಾಲ

ಹೋದ ತಿಂಗಳು ಇಲಾಖೆಯ ಸಭೆಗೆಂದು ಯಾದಗಿರಿಯಿಂದ ಸುರಪುರಕ್ಕೆ ಹೋಗಿದ್ದೆ. ಊರೊಳಗೆ ಏರುವ ರಸ್ತೆಯಲ್ಲಿ ನನ್ನ ಮುಂದೊಂದು ಕಾರು ಮದುವೆಯ ಮಂದಿಯನ್ನು ಬಾಗಿಲು ಮುಚ್ಚದಷ್ಟು ತುಂಬಿಕೊಂಡು ತೇಕುತ್ತ ಹತ್ತುತ್ತಿತ್ತು. ಅರ್ಧ ಏರಿಗೆ ಉಸಿರು ಕಟ್ಟಿದಂತೆ ನಿಂತಿತು, ಮತ್ತೆ ಜಗ್ಗಿತು. ನನ್ನ ಕಿಟಕಿಯ ಗಾಜು ಇಳಿದಿತ್ತು. ಸುಟ್ಟ ಕ್ಲಚ್ಚಿನ ವಾಸನೆ ಒಮ್ಮೆಲೇ ಒಳಗೆ ನುಗ್ಗಿತು. ಕೂದಲು ಮತ್ತು ರಬ್ಬರು ಒಟ್ಟಿಗೆ ಸುಟ್ಟಂಥ, ಗಂಟಲಿಗೆ ಹತ್ತಿಕೊಳ್ಳುವ ವಾಸನೆ. ಬೇರೆಯವರಾಗಿದ್ದರೆ ಗಾಜು ಏರಿಸುತ್ತಿದ್ದರು. ನಾನು ಹಾಗೇ ಕೂತೆ. ಕೊಡೇಕಲ್ಲಿನ ಕಡೆಯ ಎರೆಮಣ್ಣಿನ ದಾರಿ, ಒದ್ದೆ ಕಂಬಳಿ, ಮೆಕ್ಯಾನಿಕನೊಬ್ಬನ ಕೆಸರು ಮೆತ್ತಿದ ಬಿಳಿ ಬೂಟು ಎಲ್ಲ ಒಂದರ ಹಿಂದೊಂದು ಕಣ್ಣಿಗೆ ಬಂದವು. ಸುರಪುರದಲ್ಲಿ ಪಶುವೈದ್ಯೆಯಾಗಿ ಕಳೆದ ಮೊದಲ ಮಳೆಗಾಲವದು.

ಆಗ ನಾವು ಶಹಾಪುರದಲ್ಲಿ ಮನೆ ಮಾಡಿದ್ದೆವು. ಗಂಡ ಶರಣಪ್ಪ ಯಾದಗಿರಿಯ ಒಂದು ವಿಮಾ ಕಚೇರಿಯಲ್ಲಿದ್ದರು, ನಾನು ಸುರಪುರದಲ್ಲಿ. ನಡುವಿನ ಊರು ಇಬ್ಬರಿಗೂ ಅನುಕೂಲ. ಅವರು ಬಸ್ಸಿಗೆ ಹೋಗುತ್ತಿದ್ದರು, ಕಾರು ನನಗೆ. ಅಪ್ಪ ತಮ್ಮ ಕಣ್ಣು ಮಂಜಾದ ಮೇಲೆ ನನಗೆ ಕೊಟ್ಟ ಹಳೆಯ ಡೀಸೆಲ್ ಕಾರು ಅದು. ಸಾಧು ಗಾಡಿ. ಎಣ್ಣೆ ಕಡಿಮೆ ಕುಡಿಯುತ್ತಿತ್ತು, ತಕರಾರು ಮಾಡುತ್ತಿರಲಿಲ್ಲ. ಒಂದೇ ದೋಷ: ಕಾಲು ಒತ್ತಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡುತ್ತಿತ್ತು. ಆಮೇಲೆ ಓಡುತ್ತಿತ್ತು.

ಶಹಾಪುರದಿಂದ ಸುರಪುರದ ದಾರಿಯಲ್ಲಿ ಹಾಗೆ ಯೋಚನೆ ಮಾಡುವ ಗಾಡಿ ಕಷ್ಟ. ಎಡಕ್ಕೂ ಬಲಕ್ಕೂ ಕಾಲುವೆ ನೀರಿನ ಗದ್ದೆ, ನಡುನಡುವೆ ಹತ್ತಿ ಹೊಲ, ರಸ್ತೆಯ ಮೇಲೆ ಲಾರಿಗಳ ಸಾಲು. ಹೊಟ್ಟಿನ ಚೀಲ ಹೇರಿದ ಲಾರಿ ರಸ್ತೆಯ ಮುಕ್ಕಾಲು ಪಾಲು ತಾನೇ ತುಂಬಿಕೊಂಡು ಹೋಗುತ್ತಿರುತ್ತದೆ. ಮೊದಲ ಮಳೆ ಬಿದ್ದ ವಾರ ಅಂಥದೊಂದು ಲಾರಿಯನ್ನು ದಾಟಲು ಹೊರಟೆ. ಎದುರು ರಸ್ತೆ ಖಾಲಿಯಿತ್ತು. ಕಾಲು ಒತ್ತಿದೆ. ಕಾರು ಯೋಚನೆ ಮಾಡಿತು. ಲಾರಿಯ ನಡುಮಟ್ಟಕ್ಕೆ ಬರುವಷ್ಟರಲ್ಲಿ ತಿರುವಿನಿಂದ ಬಸ್ಸು ಬಂತು. ಬ್ರೇಕು ಒತ್ತಿ, ಲಾರಿಯ ಹಿಂದೆ ನುಸುಳಿ, ಬಸ್ಸು ಹಾರ್ನ್ ಬಾರಿಸುತ್ತ ದಾಟಿದ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿದೆ. ಲಾರಿ ಕಣ್ಮರೆಯಾದ ಮೇಲೆಯೇ ಮತ್ತೆ ಹೊರಟೆ.

ಅಂದು ಸಂಜೆ ಮನೆಗೆ ಹೋಗುವ ಮೊದಲು ಇಮ್ತಿಯಾಜನ ಗ್ಯಾರೇಜಿಗೆ ಹೋದೆ. ಶಹಾಪುರದ ಹೊರಗೆ, ಹತ್ತಿ ಮಿಲ್ಲುಗಳ ಸಾಲಿನಲ್ಲಿ ಹೊಸದಾಗಿ ತೆರೆದಿದ್ದ. ಹೈದರಾಬಾದಿನಲ್ಲಿ ವರ್ಷಗಟ್ಟಲೆ ಕಾರುಗಳ ಓಟ ಹೆಚ್ಚಿಸುವ ಕೆಲಸ ಮಾಡಿ, ತಾಯಿಗೆ ಹುಷಾರಿಲ್ಲವೆಂದು ಊರಿಗೆ ಮರಳಿದವನು. ಎಣ್ಣೆಯ ಕಲೆಯಿಲ್ಲದ ಅಂಗಿ, ಬಿಳಿ ಬೂಟು, ಕಂಕುಳಲ್ಲಿ ಲ್ಯಾಪ್‌ಟಾಪು. ಮಾತು ಮಾತ್ರ ಎಣ್ಣೆ ಹಾಕಿದ ಹಾಗೆ ಸಲೀಸು.

"ಮೇಡಂ, ನಿಮ್ಮ ಇಂಜಿನ್‌ದಾಗ ದಮ್ ಅದ. ಕಂಪನಿಯವರು ಕಟ್ಟಿ ಹಾಕ್ಯಾರ. ಒಳಗೊಂದು ಕಂಪ್ಯೂಟರ್ ಇರ್ತದ, ಎಷ್ಟು ಡೀಸೆಲ್ ಬಿಡಬೇಕು, ಎಷ್ಟು ಗಾಳಿ ಬಿಡಬೇಕು ಅಂತ ಅದs ಹೇಳ್ತದ. ನಾ ಅದಕ್ಕ ಬ್ಯಾರೆ ಹಿಸಾಬ್ ಕಲಸ್ತೀನಿ. ಕಾಲಿಟ್ಟ ಕೂಡ್ಲೆ ಜಿಗೀತದ ನೋಡ್ರಿ."

"ಕಟ್ಟಿ ಹಾಕಿದ್ದು ಯಾಕಂತ?" ಎಂದೆ.

"ಎಲ್ಲಾ ಥರದ ಮಂದಿಗೂ ಮಾರಬೇಕಲ್ರಿ. ಬಿಸಲೂರಾಗ ಓಡಬೇಕು, ಚಳಿ ಊರಾಗ ಓಡಬೇಕು, ಡೀಸೆಲ್ ಹೊಲಸಿದ್ರೂ ಓಡಬೇಕು, ಸರ್ವಿಸ್ ಮಾಡಸಲಾರದವನ ಕೈಯಾಗೂ ಓಡಬೇಕು. ಅದಕ್ಕ ಜರಾ ಕಡಿಮಿ ಇಟ್ಟಿರ್ತಾರ."

ಅವನ ಮಾತು ನನಗೆ ತಿಳಿಯಿತು. ನಾವೂ ಔಷಧಿಯ ಪ್ರಮಾಣವನ್ನು ಹಾಗೆಯೇ ನಿಗದಿ ಮಾಡುತ್ತೇವೆ. ದನ ತಾಳಿಕೊಳ್ಳುವಷ್ಟನ್ನು ಪೂರ್ತಿ ಕೊಡುವುದಿಲ್ಲ, ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತೇವೆ. ಆ ಜಾಗವನ್ನು ಬಳಸಿಕೊಳ್ಳಬಹುದು. ಬಳಸಿಕೊಂಡ ಮೇಲೆ ಅದು ಇರುವುದಿಲ್ಲ, ಅಷ್ಟೇ. ಅದನ್ನೇ ಇಮ್ತಿಯಾಜನಿಗೆ ಹೇಳಿದೆ. ಅವನು ನಕ್ಕ. "ಪೂರಾ ತಗೊಳ್ಳಾಕ ಹೋಗೂದಿಲ್ರಿ. ಅರ್ಧಾ ನಿಮಗ, ಅರ್ಧಾ ಇಂಜಿನ್‌ಗ."

ಮನೆಯಲ್ಲಿ ಶರಣಪ್ಪನವರು ಒಪ್ಪಲಿಲ್ಲ. ರೊಟ್ಟಿ ಮುರಿಯುತ್ತ, ತಟ್ಟೆ ನೋಡುತ್ತ ಮಾತಾಡುವುದು ಅವರ ರೀತಿ. "ನೋಡು ಸುನಂದಾ, ನಾ ದಿನಾ ಅಪಘಾತದ ಫೈಲ್ ನೋಡಾಂವ. ಗಾಡಿ ಕಂಪನಿ ಕೊಟ್ಟಂಗ ಇರಲಿಲ್ಲ ಅಂತ ಗೊತ್ತಾತಂದ್ರ ಕ್ಲೇಮ್ ಅಲ್ಲೇ ನಿಂದರ್ತದ. ಇಂಜಿನ್ ಹೋದ್ರ ಹೋಗಲಿ. ನಿನಗೇನಾರ ಆದ್ರ?"

"ನನಗೇನಾರ ಆಗಬಾರದಂತs ಮಾಡಸ್ತೀನಿ ಅಂತೀನಿ. ಇವತ್ತ ಆ ಬಸ್ಸಿನ ಮುಂದ ಗಾಡಿ ಜಗ್ಗಿದ್ರ ನಾ ಲಾರಿ ಹಿಂದ ನುಸುಳೂದೇನಿತ್ತು?"

"ಲಾರಿ ಹಿಂದ ನಿಂತ್ರ ಯಾರೂ ಸಾಯೂದಿಲ್ಲ."

"ದಿನಾ ಹೋಗ್ತಾ ಬರ್ತಾ ನಿಂದರಬೇಕಲ್ರಿ. ಆಕಡೆ ದನ ಈಯಲಾರದ ಒದ್ದಾಡಾಕತ್ತಿರ್ತದ, ಈಕಡೆ ನಾ ಲಾರಿ ಹಿಂದ ಹೊಟ್ಟು ಕುಡಕೋತ ಕುಂತಿರ್ತೀನಿ."

ಇಬ್ಬರದೂ ಖರೆ. ಅದೇ ತೊಂದರೆ. ಒಂದು ವಾರ ನಮ್ಮ ಊಟದ ಹೊತ್ತಿನ ಮಾತೆಲ್ಲ ಇದೇ ಆಯಿತು. ಬೇಗ ಜಗ್ಗುವ ಗಾಡಿ ದಾಟುವಾಗ ಎದುರು ಬದಿಯಲ್ಲಿ ಕಡಿಮೆ ಹೊತ್ತು ಇರುತ್ತದೆ, ಅದು ಕ್ಷೇಮ. ಬೇಗ ಜಗ್ಗುವ ಗಾಡಿ ಸಿಕ್ಕಿದವರು ದಾಟಬಾರದ ಕಡೆಯೂ ದಾಟುತ್ತಾರೆ, ಅದು ಅಪಾಯ. ಏರು ಸಲೀಸಾಗುತ್ತದೆ, ಆದರೆ ಬಿಸಿ ಹೆಚ್ಚಾಗುತ್ತದೆ. ಇಂಜಿನ್ನು ಹೊಸ ಬಲ ತಾಳೀತು, ಆ ಬಲವನ್ನು ಗಾಲಿಗೆ ಮುಟ್ಟಿಸುವ ಕ್ಲಚ್ಚಿನಂಥ ಹಳೆಯ ಭಾಗಗಳು ತಾಳಿಯಾವೇ? ಕೊನೆಗೆ ಶರಣಪ್ಪನವರೇ ಹೇಳಿದರು. "ಸ್ವಲ್ಪ ಮಾಡಸು. ಮಾಡಿಸಿದ್ದನ್ನ ನಮ್ಮ ಆಫೀಸಿಗೆ ತಿಳಸೋಣು. ಮುಚ್ಚಿಡೂದು ಬ್ಯಾಡ."

ಇಮ್ತಿಯಾಜ್ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದ. ಸ್ಟೇರಿಂಗಿನ ಕೆಳಗೊಂದು ತಂತಿ ಸಿಕ್ಕಿಸಿ, ಪರದೆಯ ಮೇಲೆ ಗೆರೆಗಳನ್ನು ಮೇಲೆ ಕೆಳಗೆ ಸರಿಸಿ, ಗಾಳಿ ಶೋಧಿಸುವ ಜಾಳಿಗೆ ಬದಲಿಸಿ, "ಹೋಗಿ ಬರ್ರಿ" ಎಂದ. ಊರಾಚೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಕಡೆಗೆ ತಿರುಗಿಸಿ ಕಾಲಿಟ್ಟೆ. ಅಪ್ಪನ ಸಾಧು ಕಾರು ನನ್ನ ಬೆನ್ನನ್ನು ಸೀಟಿಗೆ ಒತ್ತಿತು! ಒಬ್ಬಳೇ ಕಾರಿನಲ್ಲಿ ಜೋರಾಗಿ ನಕ್ಕಿದ್ದು ನೆನಪಿದೆ. ಮರುದಿನ ಸುರಪುರದ ಏರನ್ನು ಗೇರು ಇಳಿಸದೆ ಹತ್ತಿದೆ. ಲಾರಿಗಳನ್ನು ದಾಟುವುದು ಸಲೀಸಾಯಿತು. ಡೀಸೆಲ್ ಕೂಡ ಮೊದಲಿಗಿಂತ ಕಡಿಮೆ ಸಾಕಾಗುತ್ತಿತ್ತು. ಶರಣಪ್ಪನವರು ಒಂದು ಭಾನುವಾರ ಪಕ್ಕದಲ್ಲಿ ಕೂತು ಬಂದು, ಇಳಿದು, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಹತ್ತಿ ಮೊಣಕಾಲಿಗೆ ಬಂತು, ಬೀಳು ಹೊಲಗಳೆಲ್ಲ ಎಳೆಹಸಿರಾದವು. ನಾನು ಹಳ್ಳಿ ಹಳ್ಳಿ ತಿರುಗಿದೆ. "ಡಾಕ್ಟ್ರು ಗಾಡಿ" ಎಂದು ಕಾರಿಗೊಂದು ಹೆಸರಾಯಿತು. ಇಮ್ತಿಯಾಜನ ಗ್ಯಾರೇಜಿಗೆ ಹುಡುಗರು ಬಂದು, "ಡಾಕ್ಟ್ರು ಗಾಡಿಗೆ ಮಾಡಿದಂಗ ಮಾಡಿಕೊಡು" ಎನ್ನತೊಡಗಿದರಂತೆ. ಅವನಿಗೆ ಹುರುಪು ಹೆಚ್ಚಿತು. ಒಂದು ದಿನ ಮನೆಗೇ ಬಂದ.

"ಮೇಡಂ, ಇನ್ನೊಂದು ಹೆಜ್ಜಿ ಮುಂದ ಹೋಗೂಣು. ಇಂಜಿನ್‌ಗ ಗಾಳಿ ನೂಕೂ ಟರ್ಬೋದ ಒತ್ತಡ ಜರಾ ಏರಸ್ತೀನಿ, ಹೊಗಿ ಕೊಳವಿ ಅಗಲ ಮಾಡ್ತೀನಿ. ಈ ಜಿಲ್ಲಾದಾಗ ಇಂಥಾ ಗಾಡಿ ಇನ್ನೊಂದು ಇರಬಾರದು. ನಿಮ್ಮದು ನೋಡಿ ನನಗ ನಾಕು ಮಂದಿ ಬರ್ತಾರ."

ಶರಣಪ್ಪನವರು ಚಹಾದ ಬಸಿ ಕೆಳಗಿಟ್ಟು ಕೇಳಿದರು: "ಬಲ ಹೆಚ್ಚು ಮಾಡ್ತೀರಿ. ಬ್ರೇಕ್? ಕ್ಲಚ್?"

"ಕಂಪನೀದು ಚಲೋ ಅದಾವ್ರಿ ಸರ್. ಕ್ಲಚ್ ಇನ್ನಾ ಭಾಳ ದಿನ ಬರ್ತದ. ಫಿಕರ್ ಬ್ಯಾಡ್ರಿ."

ಮೊದಲ ಹೆಜ್ಜೆ ಅಷ್ಟು ಚಂದ ಆಗಿದ್ದರಿಂದ ನನಗೆ ಎರಡನೆಯದರ ಮೇಲೆ ಸಂಶಯ ಬರಲಿಲ್ಲ. ಹ್ಞೂಂ ಅಂದೆ. ಕಾರು ಈಗ ಗುಡುಗಿದ ಹಾಗೆ ಸದ್ದು ಮಾಡುತ್ತಿತ್ತು. ಹಿಂದೆ ಕರಿ ಹೊಗೆ. ಬಸ್ ನಿಲ್ದಾಣದ ಎದುರು ಹೋದರೆ ಮಂದಿ ತಿರುಗಿ ನೋಡುತ್ತಿದ್ದರು. ನನಗೆ ಇಷ್ಟವಾಗುತ್ತಿತ್ತು. ಆದರೆ ಕೆಲವು ದಿನಗಳಲ್ಲೇ ಒಂದು ವಿಚಿತ್ರ ಕಂಡಿತು. ಸುರಪುರದ ಏರಿನಲ್ಲಿ ಕಾಲು ಒತ್ತಿದರೆ ಇಂಜಿನ್ನಿನ ಸದ್ದು ಮೇಲೇರುತ್ತಿತ್ತು, ಕಾರು ಮಾತ್ರ ಇದ್ದಷ್ಟರಲ್ಲೇ ಹೋಗುತ್ತಿತ್ತು. ಸುಟ್ಟ ವಾಸನೆಯೂ ಆಗೊಮ್ಮೆ ಈಗೊಮ್ಮೆ ಸುಳಿಯುತ್ತಿತ್ತು. ಕೇಳಿದರೆ ಇಮ್ತಿಯಾಜ್, "ಹೊಸಾದು, ಇನ್ನಾ ಹೊಂದಿಕೊಳ್ಳಾಕತ್ತದ. ಮುಂದಿನ ವಾರ ಬರ್ರಿ, ನೋಡ್ತೀನಿ" ಎಂದ.

ಆ ಮುಂದಿನ ವಾರವೇ ನಾಗಮ್ಮನ ಫೋನು ಬಂತು.

ನಾಗಮ್ಮ ಕುರಿ ಕಾಯುವ ಹೆಂಗಸು. ನಡುವಯಸ್ಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಗಂಡ ಒಂದು ಹಿಂಡು ಹೊಡೆದುಕೊಂಡು ಬೇರೆ ಸೀಮೆಗೆ ಹೋದರೆ ಇವಳು ಇನ್ನೊಂದನ್ನು ಕೊಡೇಕಲ್ಲಿನ ಆಸುಪಾಸು ತಿರುಗಿಸುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಸ್ಪತ್ರೆಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ತೆಳ್ಳನಾಕಿ ಟಗರು ಹೆಂಗ ಹಿಡೀತಾಳ?" ಎಂದು ನನ್ನೆದುರೇ ಕೇಳಿದವಳು. ಅಂಥವಳ ದನಿ ಅಂದು ಒಡೆದಿತ್ತು.

"ಡಾಕ್ಟ್ರವ್ವ, ಸಂಜೀಕ ಚಲೋ ಇದ್ದುವ್ರಿ. ಮುಂಜಾನೆ ನೋಡಿದ್ರ ಸತ್ತು ಬಿದ್ದಾವ. ಇನ್ನಾ ಬೀಳಾಕತ್ತಾವ. ದಪ್ಪ ಇದ್ದವs ಹೊಂಟಾವ್ರಿ, ಬಡಕಲು ಉಳದಾವ."

ಕೊನೆಯ ಮಾತು ಕೇಳಿದೊಡನೆ ರೋಗ ಗೊತ್ತಾಯಿತು. ಕರುಳುಬೇನೆ. ಮಳೆಯ ಎಳೆಹುಲ್ಲನ್ನು ಹೊಟ್ಟೆ ಬಿರಿಯ ಮೇಯ್ದ ಕುರಿಗೆ ಕರುಳಿನಲ್ಲಿ ವಿಷವೇರುತ್ತದೆ, ಚೆನ್ನಾಗಿ ತಿಂದದ್ದೇ ಮೊದಲು ಸಾಯುತ್ತದೆ.

"ನಾಗಮ್ಮ, ಈಗಿಂದೀಗ ಹಿಂಡನ್ನ ಹಸಿ ಹುಲ್ಲಿನಿಂದ ಎಬ್ಬಸ್ರಿ. ಮ್ಯಾಲಿನ ಬರಡು ಹೊಲಕ್ಕ ಏರಸ್ರಿ. ಒಣ ಮೇವಿದ್ರ ಹಾಕ್ರಿ, ಇರಲಿಕ್ರ ಉಪವಾಸ ಇಡ್ರಿ. ನಾ ಬರಾಕತ್ತೀನಿ."

ಲಸಿಕೆಯ ಸೀಸೆಗಳನ್ನೂ ಔಷಧಿಯನ್ನೂ ಮಂಜುಗಡ್ಡೆಯ ಡಬ್ಬಿಗೆ ತುಂಬಿ ಹೊರಟೆ. ಮಳೆ ಸಣ್ಣಗೆ ಹಿಡಿದಿತ್ತು. ಹುಣಸಗಿಯವರೆಗೆ ಕಾರು ಹಾರಿತು. ಅಷ್ಟು ಬೇಗ ಆ ದಾರಿಯನ್ನು ನಾನು ಎಂದೂ ಮುಗಿಸಿರಲಿಲ್ಲ. ಈ ಬಲ ಇಂಥ ದಿನಕ್ಕಾಗಿಯೇ ಎಂದು ಮನಸ್ಸಿಗೆ ಅನಿಸಿದ್ದು ನಿಜ. ಕೊಡೇಕಲ್ ಹತ್ತಿರ ಡಾಂಬರು ಬಿಟ್ಟು ಕಾಲುವೆಯ ಕಡೆಗೆ ತಿರುಗಿದೆ. ಎರೆಮಣ್ಣು ನೆನೆದು ಹಿಟ್ಟಿನಂತಾಗಿತ್ತು. ಕಾಲಿಟ್ಟೊಡನೆ ಮುಂದಿನ ಗಾಲಿಗಳು ಇದ್ದಲ್ಲೇ ತಿರುಗಿ ತಮ್ಮ ಕೆಳಗೇ ಗುಂಡಿ ತೋಡಿದವು. ನಿಧಾನಕ್ಕೆ ಬಿಟ್ಟರೆ ಹೋಗಬಹುದಿತ್ತೇನೋ, ಆದರೆ ಈ ಕಾರಿಗೆ ನಿಧಾನ ಮರೆತುಹೋಗಿತ್ತು. ಕಾಲು ಸ್ವಲ್ಪ ತಾಗಿದರೂ ಒದೆಯುತ್ತಿತ್ತು. ಹೇಗೋ ಹೊರಬಂದು ಕಾಲುವೆಯ ಒಡ್ಡು ಹತ್ತಿಸಿದೆ. ಅರ್ಧದಲ್ಲಿ ಇಂಜಿನ್ನು ಕಿರುಚಿತು. ಕಾರು ನಿಂತಿತು. ಗೇರಿನ ಹತ್ತಿರದಿಂದ ಬಿಳಿ ಹೊಗೆ ಎದ್ದು, ಆ ವಾಸನೆ ಕಾರಿನ ತುಂಬ ಹರಡಿತು.

ಯಾವ ಗೇರು ಹಾಕಿದರೂ ಗಾಲಿ ಮಿಸುಕಲಿಲ್ಲ. ಕೆಳಗಿಳಿದು ನಿಂತೆ. ಸುತ್ತ ಮಳೆ, ಕೆಂಪಗೆ ಹರಿಯುವ ಕಾಲುವೆ. ಡಬ್ಬಿಯೊಳಗಿನ ಮಂಜುಗಡ್ಡೆ ಕರಗಿದರೆ ಲಸಿಕೆ ನೀರಿಗೆ ಸಮ. ನಾಗಮ್ಮನಿಗೆ ಫೋನು ಮಾಡಿ ಎಲ್ಲಿದ್ದೇನೆಂದು ಹೇಳಿದೆ. ಆಮೇಲೆ ಇಮ್ತಿಯಾಜನಿಗೆ. ಅವನಿಗೆ ನಾನೇನು ಅಂದೆನೋ ನೆನಪಿಲ್ಲ. ಅವನು "ಹೊಂಟೆ" ಎಂದಷ್ಟೇ ಹೇಳಿದ.

ಒಡ್ಡಿನ ಮೇಲೆ ನಾಗಮ್ಮ ಕಂಡಳು. ತಲೆಯ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಗಿಡ್ಡ ತಟ್ಟುವಿನ ಹಗ್ಗ. ಬೀಡು ಎತ್ತಿ ಬೇರೆಡೆ ಹೋಗುವಾಗ ಗಂಟುಮೂಟೆ ಹೊರುವ ಕುದುರೆ ಅದು. ಅವಳು ಕಾರಿನ ಕಡೆ ನೋಡಲೂ ಇಲ್ಲ. ಡಬ್ಬಿಯನ್ನು ತಟ್ಟುವಿನ ಬೆನ್ನಿಗೆ ಬಿಗಿದು, ತನ್ನ ತಲೆಯ ಕಂಬಳಿ ತೆಗೆದು ಅದರ ಮೇಲೆ ಹೊದಿಸಿದಳು. ತಾನು ಮಳೆಯಲ್ಲಿ ನೆನೆಯುತ್ತ ನಡೆದಳು. ನಾನು ಹಿಂದೆ.

"ಫೋನಿನ್ಯಾಗ ಹೇಳಿದಂಗ ಮಾಡೀನಿ," ಎಂದಳು. "ಮ್ಯಾಲ ಏರಿಸಿದ ಮ್ಯಾಲ ಹೊಸಾವು ಬಿದ್ದಿಲ್ಲ."

ನನ್ನ ಕಾಲು ಹಗುರಾದವು. ಹಾರಿ ಬಂದ ಕಾರಿಗಿಂತ ಮೊದಲೇ ನನ್ನ ಎರಡು ಮಾತು ಹಿಂಡಿಗೆ ಮುಟ್ಟಿದ್ದವು.

ಬರಡು ಹೊಲದಲ್ಲಿ ಹಿಂಡು ಒತ್ತೊತ್ತಾಗಿ ನಿಂತಿತ್ತು. ಸತ್ತವನ್ನು ಒಂದು ಬದಿಗೆ ಎಳೆದು ಸಾಲಾಗಿ ಮಲಗಿಸಿದ್ದರು. ಅವುಗಳ ಕಡೆ ನೋಡದೆ ಕೆಲಸಕ್ಕೆ ಕೂತೆ. ನಾಗಮ್ಮ ಹಿಡಿಯುವುದು, ನಾನು ಚುಚ್ಚುವುದು. ಸೊರಗಿದವಕ್ಕೆ ಔಷಧಿ ಕುಡಿಸುವುದು. ಲಸಿಕೆ ಹಾಕಿದೊಡನೆ ರೋಗ ನಿಲ್ಲುವುದಿಲ್ಲ, ಮೈಯಲ್ಲಿ ಬಲ ಬರಲು ದಿನಗಳು ಬೇಕು, ಅಲ್ಲಿಯವರೆಗೆ ಅರೆಹೊಟ್ಟೆ ಮೇಯಿಸಬೇಕು ಎಂದು ಹೇಳುತ್ತ ಹೋದೆ. ದೊಡ್ಡ ಟಗರೊಂದು ಕೊಸರಿ ಓಡಿದಾಗ ನಾನೇ ಅದರ ಕೊಂಬಿಗೆ ಜೋತುಬಿದ್ದು ಕೆಸರಿನಲ್ಲಿ ಎಳೆದಾಡಿಸಿಕೊಂಡು ನಿಲ್ಲಿಸಿದೆ. ನಾಗಮ್ಮ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಭಾಳ ಗಟ್ಟಿ ಅದೀ ಬಿಡವ್ವ ನೀ!" ಅಂದಿನಿಂದ ನನಗೆ 'ನೀವು' ಅನ್ನುವುದನ್ನು ಬಿಟ್ಟಳು. ಆ ಸುದ್ದಿ ಊರಲ್ಲಿ ನನಗೆ ಕೊಟ್ಟಷ್ಟು ಮರ್ಯಾದೆಯನ್ನು ನನ್ನ ಡಿಗ್ರಿ ಕೊಟ್ಟಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಮ್ತಿಯಾಜ್ ಬಂದ. ಗೆಳೆಯನನ್ನೂ ಅವನ ಜೀಪನ್ನೂ ಒಡ್ಡಿನಾಚೆ ಬಿಟ್ಟು ಹೊಲದವರೆಗೆ ನಡೆದು ಬಂದಿದ್ದ. ಬಿಳಿ ಬೂಟು ಎಲ್ಲಿ ಮುಗಿದು ಕೆಸರು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಹೊಲದ ಅಂಚಿಗೆ ನಿಂತಿದ್ದವನನ್ನು ನಾಗಮ್ಮ ನೋಡಿದಳು.

"ಇಂವನೇನು ನಿನ್ನ ಗಾಡಿ ಕೆಡಿಸಿದಾಂವ?"

"ಕೆಡಿಸಿಲ್ಲಬೇ ಯವ್ವಾ," ಎಂದ ಇಮ್ತಿಯಾಜ್. "ಜೋರ್ ಮಾಡಿದ್ದೆ."

"ಜೋರ್ ಮಾಡಿದ್ರ ನಿಂತದ್ಯಾಕ?"

ಉತ್ತರಕ್ಕೆ ಅವಳು ಕಾಯಲಿಲ್ಲ. "ಬಾ, ಈ ಕುರಿ ಹಿಡಿ. ಕಾಲು ಹಿಡೀಬ್ಯಾಡ, ಕೊಳ್ಳು ಹಿಡಿ" ಎಂದು ಕೆಲಸಕ್ಕೆ ಹಚ್ಚಿದಳು. ಹೈದರಾಬಾದಿನಲ್ಲಿ ದೊಡ್ಡ ದೊಡ್ಡ ಕಾರು ಮುಟ್ಟಿದ ಕೈ ಕುರಿಯ ಕುತ್ತಿಗೆಯನ್ನು ಹೆದರುತ್ತ ಅಪ್ಪಿಕೊಂಡಿತು. ಉಳಿದ ಕುರಿಗಳನ್ನೆಲ್ಲ ಅವನೇ ಹಿಡಿದುಕೊಟ್ಟ.

ಗೆಳೆಯ ಓಡಿಸುತ್ತಿದ್ದ ಜೀಪು ಕಾರನ್ನು ಎಳೆಯುತ್ತ ಹೊರಟಾಗ ನಾನೂ ಇಮ್ತಿಯಾಜನೂ ಕಾರಿನಲ್ಲಿದ್ದೆವು. ಇಂಜಿನ್ನಿಲ್ಲದ ಕಾರಿನಲ್ಲಿ ಎಲ್ಲವೂ ಕೇಳಿಸುತ್ತದೆ. ಹುಣಸಗಿಯವರೆಗೆ ಅವನು ರಸ್ತೆಯನ್ನು ಬೈದ, ಮಣ್ಣನ್ನು ಬೈದ. ನಾನು ಅವನನ್ನು ಬೈದೆ. ಹುಣಸಗಿ ದಾಟಿದ ಮೇಲೆ ಅವನು ಮೆಲ್ಲಗೆ ಹೇಳಿದ:

"ಹೈದರಾಬಾದ್‌ದಾಗ ಗಿರಾಕಿ ಬಂದು ಜೋರ್ ಬೇಕಂತಿದ್ದ. ನಾ ಕೊಡ್ತಿದ್ದೆ. ಕ್ಲಚ್ ಸುಟ್ರ ಮುಂದಿನ ಸಲ ಬಂದು ಬದಲಿಸಿಕೊಂಡು ಹೋಗ್ತಿದ್ದ, ತಕರಾರ್ ಮಾಡ್ತಿದ್ದಿಲ್ಲ. ಅಲ್ಲಿ ಗಾಡಿ ನಿಂತ್ರ ಇನ್ನೊಂದು ಗಾಡಿ ಸಿಗ್ತದ. ನಿಮಗ ಇಂಥಾ ದಾರಿ ಅದ, ಇಷ್ಟು ಸಾಮಾನು ಹೊರ್ತೀರಿ ಅಂತ ನಾ ಕೇಳಲೇ ಇಲ್ಲ, ಮೇಡಂ. ಸರ್ ಕ್ಲಚ್ ಅಂದ್ರು. ನಾ ಫಿಕರ್ ಬ್ಯಾಡ್ರಿ ಅಂದುಬಿಟ್ಟೆ."

ಮರುದಿನ ಸಂಜೆ ಗ್ಯಾರೇಜಿನಲ್ಲಿ ಅವನು ಬಿಚ್ಚಿ ತೆಗೆದ ಕ್ಲಚ್ ಪ್ಲೇಟು ಸುಟ್ಟ ರೊಟ್ಟಿಯ ಹಾಗೆ ಕರ್ರಗಿತ್ತು. ಶರಣಪ್ಪನವರು ಯಾದಗಿರಿಯ ಬಸ್ಸಿಳಿದು ಸೀದಾ ಅಲ್ಲಿಗೇ ಬಂದರು. ಪ್ಲೇಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ನಾನು ಆ ಮಾತಿಗೆ ಕಾಯುತ್ತಿದ್ದೆ. 'ನಾ ಮೊದಲs ಹೇಳಿದ್ದೆ' ಎಂಬ ಮಾತಿಗೆ. ಅವರು ಅದನ್ನು ಕೆಳಗಿಟ್ಟು, "ಕುರಿ ಹೆಂಗವ?" ಎಂದರು.

ಆ ಒಂದು ಪ್ರಶ್ನೆಯಿಂದ ಅಲ್ಲಿನ ಗಾಳಿಯೇ ತಿಳಿಯಾಯಿತು. ಹೆಚ್ಚಿನವು ಉಳಿದಿವೆ ಎಂದೆ. ಇಮ್ತಿಯಾಜ್ ಸ್ಟೂಲು ತಂದ. ತಾನು ಹಳೆಯ ಟಯರಿನ ಮೇಲೆ ಕೂತ.

"ಸರ್, ನಾ ಎಲ್ಲಾ ತಗದು ಕಂಪನಿ ಕೊಟ್ಟಂಗ ಮಾಡಿಕೊಡ್ತೀನಿ. ಹೆಸರಂತೂ ಹೋತು."

ನಾನು ಹೂಂ ಅನ್ನುವವಳಿದ್ದೆ. ಶರಣಪ್ಪನವರು ತಡೆದರು. "ಎಲ್ಲಾ ಬ್ಯಾಡ. ಮೊದಲ್ನೇದು ಇರಲಿ." ನಾವಿಬ್ಬರೂ ಅವರ ಮುಖ ನೋಡಿದೆವು. ಅವರು ಎಂದಿನಂತೆ ಕೆಳಗೆ ನೋಡುತ್ತಲೇ ಹೇಳಿದರು: "ಆ ಮೊದಲ ಹೆಜ್ಜಿ ಮಾಡಿಸಿದಾಗ ಸುನಂದಾ ಲಾರಿ ದಾಟೂದು ನೋಡೀನಿ. ಆವಾಗ ನನಗ ಹೆದರಿಕಿ ಕಡಿಮಿ ಆಗಿತ್ತು. ಎರಡ್ನೇದ್ರಾಗ ಹೆಚ್ಚಾತು. ಎಷ್ಟು ಬೇಕೋ ಅಷ್ಟು ಇಟ್ಟುಕೋಣು. ಆದ್ರ ಈ ಸಲ ನಿಲ್ಲಿಸೂದರಿಂದ ಶುರು ಮಾಡ್ರಿ."

ಹಾಗೆ ಮೂವರೂ ಕೂತು ಮೊದಲಿಂದ ಮಾತಾಡಿದೆವು. ಈ ಸಲ ಇಮ್ತಿಯಾಜ್ ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಎಂಥ ದಾರಿ, ಎಷ್ಟು ಭಾರ, ಮಳೆಯಲ್ಲಿ ಎಷ್ಟು ದಿನ, ಏರಿನಲ್ಲಿ ನಿಂತು ಹೊರಡುವುದು ಎಷ್ಟು ಸಲ. ಬ್ರೇಕಿನ ಬಿಲ್ಲೆ ಹೊಸದು ಹಾಕಿದ. ಕೆಸರು ಕಚ್ಚುವ ಟಯರು, ಬಿಗಿಯಾದ ಕ್ಲಚ್ಚು ಹಾಕಿದ. ಅಗಲದ ಹೊಗೆಕೊಳವೆ ಕಳಚಿ ಹಳೆಯದನ್ನೇ ಕೂರಿಸಿದ. ಕೊನೆಗೆ ಲ್ಯಾಪ್‌ಟಾಪು ತೆರೆದು ಗೆರೆಗಳನ್ನು ಕೆಳಗಿಳಿಸಿದ. ನಿಧಾನ ಓಟದಲ್ಲಿ ಮೆತ್ತಗೆ ಜಗ್ಗುವಂತೆ, ಕಾಲು ತಾಗಿದೊಡನೆ ಒದೆಯದಂತೆ. ಗುಡುಗು ಹೋಯಿತು, ಕರಿ ಹೊಗೆ ಹೋಯಿತು. ಆ ಮಳೆಗಾಲದ ಉಳಿದ ದಿನಗಳನ್ನೆಲ್ಲ ಆ ಕಾರು ಕೆಸರಿನಲ್ಲಿ ತೆವಳುತ್ತ, ಡಾಂಬರಿನ ಮೇಲೆ ಚುರುಕಾಗಿ ಓಡುತ್ತ ಕಳೆಯಿತು. ಒಂದು ದಿನವೂ ನನ್ನನ್ನು ನಡುದಾರಿಯಲ್ಲಿ ಬಿಡಲಿಲ್ಲ.

ಇಮ್ತಿಯಾಜನಿಗೆ ಮಾತ್ರ ಕೆಲವು ವಾರ ಕಷ್ಟವಾಯಿತು. ಗುಡುಗಿನ ಸದ್ದು ಬೇಕೆಂದು ಬಂದ ಹುಡುಗರಿಗೆ ಮೊದಲು ಬ್ರೇಕು ತೋರಿಸಿರಿ ಎನ್ನುತ್ತಿದ್ದ. ಅವರು ಕಲಬುರಗಿಗೆ ಹೋಗಿ ಮಾಡಿಸಿಕೊಂಡರು. ಗ್ಯಾರೇಜು ಖಾಲಿ ಹೊಡೆಯಿತು. ಅವನ ತಾಯಿ ನನ್ನ ಹತ್ತಿರ, "ಮಗಾ ಗಿರಾಕಿನ ವಾಪಸ್ ಕಳಸ್ತಾನ್ರಿ" ಎಂದು ಚಿಂತೆ ಹೇಳಿಕೊಂಡರು. ಆದರೆ ಭತ್ತದ ಕೊಯ್ಲು ಶುರುವಾದ ಮೇಲೆ ಬೇರೆ ಗಿರಾಕಿಗಳು ಬಂದರು. ಚೀಲ ಹೇರಿ ಏರು ಹತ್ತಲಾರದೆ ಹೊಗೆಯುಗುಳುವ ಸಣ್ಣ ಸರಕು ಗಾಡಿಗಳವರು. ಅವರಿಗೆ ಓಟ ಬೇಕಿರಲಿಲ್ಲ, ತ್ರಾಣ ಬೇಕಿತ್ತು. ಪ್ರತಿಯೊಬ್ಬನ ಜೊತೆಗೂ ಇಮ್ತಿಯಾಜ್ ಹೇರಿದ ಗಾಡಿಯಲ್ಲಿ ಕೂತು ಸುರಪುರದ ಏರು ಹತ್ತಿ ಇಳಿದು ಬಂದ ಮೇಲೆಯೇ ಕೈ ಹಾಕುತ್ತಿದ್ದ. ಅರ್ಧ ಮಂದಿಗೆ, "ಇದಕ್ಕ ಟ್ಯೂನಿಂಗ್ ಬ್ಯಾಡ, ಫಿಲ್ಟರ್ ಬದಲಸು, ಭಾರ ಕಡಿಮಿ ಹೇರು" ಎಂದು ಹೇಳಿ ಕಳಿಸುತ್ತಿದ್ದ. ಹಾಗೆ ಕಳಿಸಿದವರೇ ಮತ್ತೆ ನಾಲ್ಕು ಜನರನ್ನು ಕರೆತರುತ್ತಿದ್ದರು.

ಚಳಿ ಬೀಳುವ ಹೊತ್ತಿಗೆ ಒಂದು ಮುಂಜಾನೆ ನಾಗಮ್ಮನೇ ಶಹಾಪುರಕ್ಕೆ ಬಂದಳು. ಹಿಂಡು ಮೈತುಂಬಿಕೊಂಡಿತ್ತು, ಹೊಸ ಮರಿಗಳಾಗಿದ್ದವು. ಬೀಡು ಎತ್ತುವಾಗ ಮರಿಗಳನ್ನೂ ಪಾತ್ರೆಪಗಡಿಯನ್ನೂ ಸಾಗಿಸಲು ಅವಳೂ ಗಂಡನೂ ಹಳೆಯದೊಂದು ಸರಕು ಗಾಡಿ ತೆಗೆದುಕೊಂಡಿದ್ದರು. ಯಾರೋ ಓಡಿಸಿಕೊಂಡು ಬಂದು ಗ್ಯಾರೇಜಿನ ಮುಂದೆ ಬಿಟ್ಟು ಹೋಗಿದ್ದರು. ನಾಗಮ್ಮ ನನಗೆ ಫೋನು ಮಾಡಿ ಕರೆಸಿದಳು.

"ಜೋರ್ ಮಾಡ್ಲೇನಬೇ ಯವ್ವಾ?" ಎಂದು ಇಮ್ತಿಯಾಜ್ ಕೇಳಿದ. ಅವನ ಕಣ್ಣಲ್ಲಿ ತುಂಟತನವಿತ್ತು.

"ನೀ ಏನೂ ಮಾಡಬ್ಯಾಡ. ನನಗ ಹೊಡ್ಯಾಕ ಕಲಸು. ಗಾಡಿ ನಮ್ಮದು, ಹೊಡ್ಯಾಂವ ಮಂದಿ ಅಂದ್ರ ಹೆಂಗ?"

ಇಮ್ತಿಯಾಜ್ ಗಾಡಿಯ ಕೆಳಗೆ ಮಲಗಿ ಬ್ರೇಕು ನೋಡಿದ, ಒಂದು ಕೊಳವೆ ಬದಲಿಸಿದ. ಮಿಲ್ಲಿನ ಹಿಂದೆ ಭತ್ತ ಕೊಯ್ದು ಬಿಟ್ಟ ಹೊಲ ಒಣಗಿ ಗಟ್ಟಿಯಾಗಿತ್ತು. ಗಾಡಿಯನ್ನು ಅಲ್ಲಿಗೆ ಒಯ್ದೆವು. ನಾಗಮ್ಮ ಸೀರೆಯ ನೆರಿಗೆ ಸಿಕ್ಕಿಸಿ, ಚಪ್ಪಲಿ ಕಳಚಿ, ಸ್ಟೇರಿಂಗಿನ ಹಿಂದೆ ಕೂತಳು. ಪಕ್ಕದಲ್ಲಿ ನಾನು. ಹೊರಗೆ ನಿಂತ ಇಮ್ತಿಯಾಜ್ ಕಿಟಕಿಯೊಳಗೆ ತಲೆ ಹಾಕಿ, "ಎಡಗಾಲು ಕ್ಲಚ್, ಅದನ್ನ ಮೆತ್ತಗ ಬಿಡಬೇಕು, ಕುರಿಮರಿ ನೆಲಕ್ಕ ಬಿಟ್ಟಂಗ" ಎಂದ.

ಮೊದಲ ಸಲ ಗಾಡಿ ಜಿಗಿದು ನಿಂತಿತು. ಎರಡನೆಯ ಸಲವೂ. ಹೊಲದ ಬದುವಿನ ಮೇಲೆ ಮಿಲ್ಲಿನ ಹೆಂಗಸರು ಬಂದು ನಿಂತರು. ಒಬ್ಬಿಬ್ಬರು ಸೆರಗು ಬಾಯಿಗಿಟ್ಟು ನಕ್ಕರು. ನಾಗಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ತುಟಿ ಕಚ್ಚಿ, ಕಾಲನ್ನು ಮೆಲ್ಲಗೆ ಎತ್ತಿದಳು. ಗಾಡಿ ಒಮ್ಮೆ ಅಲುಗಿ, ಹೊರಟಿತು. ಕೊಯ್ದ ಕೂಳೆಗಳು ಗಾಲಿಯ ಕೆಳಗೆ ಚಟಚಟ ಮುರಿದವು. ಹೊಲದ ಉದ್ದಕ್ಕೆ ಹೋದೆವು, ತಿರುಗಿದೆವು, ಮರಳಿ ಬಂದೆವು. ಬದುವಿನ ಮೇಲಿನ ನಗು ನಿಂತಿತ್ತು. ಯಾರೋ ಚಪ್ಪಾಳೆ ಹೊಡೆದರು.

"ಡಾಕ್ಟ್ರವ್ವ," ಎಂದಳು ನಾಗಮ್ಮ ಮುಂದೆ ನೋಡುತ್ತಲೇ, "ಇನ್ನಾ ಜೋರ್ ಹೋಗಬೇಕಂದ್ರ ಯಾವುದು ಒತ್ತಬೇಕು?"

"ಮೊದಲು ನಿಂದರಸ್ರಿ!" ಹಿಂದೆ ಓಡಿ ಬರುತ್ತಿದ್ದ ಇಮ್ತಿಯಾಜ್ ಕೂಗಿದ. "ನಿಂದರಸಿ ತೋರಸ್ರಿ, ಆಮ್ಯಾಲ ಜೋರ್!"

ನಾಗಮ್ಮ ಕಾಲು ಬದಲಿಸಿದಳು. ಗಾಡಿ ಒಂದಿಷ್ಟೂ ಕುಲುಕದೆ, ಬದುವಿಗೆ ಮೊಳದಷ್ಟು ದೂರವಿರುವಾಗ ಮೆಲ್ಲಗೆ ನಿಂತಿತು. ಅವಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

"ನಿಂದರಿಸಿದೆ. ಈಗ ಹೇಳು."